ಕಂಬ ಕಡೆದವರ ಹೆಸರು ಕಲ್ಲಿನಲ್ಲೇ ಇದೆ

ಹಳೆಯ ಗುಡಿಗಳು ಮನುಷ್ಯರ ಕೈಕೆಲಸವಲ್ಲ ಎನ್ನುವ ವಿಡಿಯೊಗಳ ಧಾಟಿ ಹೆಚ್ಚುಕಡಿಮೆ ಒಂದೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕಂಬವೊಂದರ ಹತ್ತಿರಕ್ಕೆ ಕ್ಯಾಮೆರಾ ಸರಿಯುತ್ತದೆ. ಗಂಟೆಯಾಕಾರದ ಭಾಗ, ಅದರ ಮೇಲೆ ಚಕ್ರದಂಥ ಅಂಚು, ಸುತ್ತಲೂ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಮುಖ ಕಾಣುವಷ್ಟು ಹೊಳಪು. ಆಮೇಲೆ ಪ್ರಶ್ನೆ: ‘ಉಳಿ, ಸುತ್ತಿಗೆ ಹಿಡಿದು ಇದನ್ನು ಮಾಡಲು ಸಾಧ್ಯವೇ? ಇತಿಹಾಸಕಾರರು ಏನನ್ನು ಮುಚ್ಚಿಡುತ್ತಿದ್ದಾರೆ?’ ಹಿನ್ನೆಲೆಯಲ್ಲಿ ಗಂಭೀರ ಸಂಗೀತ. ಕೊನೆಗೆ ಉತ್ತರ: ಕಳೆದುಹೋದ ಯಾವುದೋ ಯಂತ್ರಯುಗ, ಇಲ್ಲವೇ ಭೂಮಿಯವರೇ ಅಲ್ಲದ ಯಾರೋ. ಇದೇ ಗುಡಿಯ ಇನ್ನೊಂದು ಶಿಲ್ಪದ ಕೈಯಲ್ಲಿರುವ ದುಂಡಗಿನ ವಸ್ತುವಿಗೆ ಹಲ್ಲುಗಳಂಥ ಅಂಚಿದೆ, ಹಾಗಾಗಿ ಅದು ಗೇರ್ ಎಂಬ ವಾದವೂ ಲಕ್ಷಾಂತರ ಮೊಬೈಲುಗಳನ್ನು ಸುತ್ತಿ ಬಂದಿದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರ ಸಂಖ್ಯೆಯೂ ಕ್ಯಾಮೆರಾಗಳ ಸಂಖ್ಯೆಯೂ ಏರಿದೆ.

ಇದನ್ನೆಲ್ಲ ನಕ್ಕು ತಳ್ಳಿಹಾಕುವುದು ಓದಿದವರ ಅಭ್ಯಾಸ. ನನಗೆ ಅದು ಸರಿಯೆನಿಸುವುದಿಲ್ಲ. ‘ಇದನ್ನು ಹೇಗೆ ಮಾಡಿದರು’ ಎಂಬ ಪ್ರಶ್ನೆ ಒಳ್ಳೆಯ ಪ್ರಶ್ನೆ. ನಮ್ಮ ಶಾಲೆಯ ಇತಿಹಾಸ ಪಾಠ ಅದನ್ನು ಎಂದೂ ಕೇಳಲಿಲ್ಲ. ‘ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದನು’ ಎಂದು ಒಂದಂಕದ ಉತ್ತರ ಬರೆಸಿ ಮುಂದಿನ ರಾಜನಿಗೆ ಹೋಯಿತು. ಕಲ್ಲು ಎಲ್ಲಿಂದ ಬಂತು, ಯಾರು ಕಡೆದರು, ಯಾವ ಉಪಕರಣದಿಂದ, ಅವರ ಊರು ಯಾವುದು ಎಂಬುದಕ್ಕೆಲ್ಲ ಪಠ್ಯದಲ್ಲಿ ಜಾಗವಿರಲಿಲ್ಲ. ಆ ಖಾಲಿ ಜಾಗಕ್ಕೇ ಈಗ ವಿಡಿಯೊಗಳು ಬಂದು ಕುಳಿತಿವೆ. ಹಾಗಾಗಿ ಅನುಮಾನ ಪಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅನುಮಾನ ಪಡುತ್ತಿರುವ ಜಾಗ ತಪ್ಪು ಎನ್ನುವುದಷ್ಟೇ ನನ್ನ ತಕರಾರು.

ಮೊದಲು ಕಲ್ಲಿನ ವಿಷಯ, ಏಕೆಂದರೆ ಅರ್ಧ ಗೊಂದಲ ಅಲ್ಲಿಯೇ ಇದೆ. ವಿಡಿಯೊಗಳು ಎಲ್ಲ ಕಲ್ಲನ್ನೂ ಒಂದೇ ‘ಕಲ್ಲು’ ಎಂದು ನೋಡುತ್ತವೆ. ಹೊಯ್ಸಳರ ಗುಡಿಗಳದ್ದು ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆದ ಬಳಪದ ಜಾತಿಯದೇ, ಸ್ವಲ್ಪ ಗಟ್ಟಿ. ಮಲೆನಾಡಿನ ಅಡುಗೆಮನೆಗಳಲ್ಲಿ ಉಪ್ಪು, ಉಪ್ಪಿನಕಾಯಿ ಹಾಕಿಡುತ್ತಿದ್ದ ಕಲ್ಲುಮರಿಗೆಯನ್ನು ಕಡೆಯುತ್ತಿದ್ದದ್ದೂ ಇಂಥದ್ದರಲ್ಲೇ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕ ಒಂದರಿಂದ ಹತ್ತರವರೆಗೆ ಇದೆ. ನಮ್ಮ ಉಗುರಿನದು ಎರಡೂವರೆಯ ಆಸುಪಾಸು, ಗ್ರಾನೈಟಿನದು ಆರರಿಂದ ಏಳು. ಬಳಪದ ಕಲ್ಲು ಸಾಮಾನ್ಯವಾಗಿ ಮೂರರೊಳಗೇ ನಿಲ್ಲುತ್ತದೆ. ಅಂದರೆ ಹದ ಹಾಕಿದ ಕಬ್ಬಿಣದ ಉಳಿಗೆ ಅದು ಸುಲಭದ ತುತ್ತು. ಗಣಿಯಿಂದ ತೆಗೆದ ಹೊಸತರಲ್ಲಿ ಇನ್ನೂ ಮೆದು, ಗಾಳಿ ಬಿಸಿಲಿಗೆ ಬಿಟ್ಟಂತೆ ಬಿಗಿಯಾಗುತ್ತದೆ ಎಂದು ಶಿಲ್ಪಿಗಳು ಹೇಳುತ್ತಾರೆ. ಕಣ ಬಹಳ ಸಣ್ಣದಾದ್ದರಿಂದ ಗೆರೆ ಎಳೆದಲ್ಲಿ ಗೆರೆ ನಿಲ್ಲುತ್ತದೆ, ಅಂಚು ಉದುರುವುದಿಲ್ಲ. ಸರದ ಮಣಿ, ಬೆರಳಿನ ಉಗುರು, ಎಲೆಯ ನರ ಇವನ್ನೆಲ್ಲ ತೋರಿಸಬೇಕೆಂಬ ಆಸೆ ಹುಟ್ಟುವುದೇ ಇಂಥ ಕಲ್ಲು ಕೈಗೆ ಸಿಕ್ಕಾಗ. ಮರಳುಗಲ್ಲಿನಲ್ಲಿ ಆ ಆಸೆ ಪಟ್ಟರೆ ಮಣಿಯ ಜೊತೆ ಕೊರಳೂ ಉದುರುತ್ತದೆ.

ಹಳೇಬೀಡಿನ ಗೈಡುಗಳು ಒಂದು ಪ್ರಾತ್ಯಕ್ಷಿಕೆ ತಪ್ಪದೆ ಮಾಡುತ್ತಾರೆ. ಭೈರವನದೋ ದ್ವಾರಪಾಲಕನದೋ ಕಿರೀಟದಲ್ಲಿ, ಕೊರಳ ಮಾಲೆಯಲ್ಲಿ ಪುಟ್ಟ ತಲೆಬುರುಡೆಗಳಿರುತ್ತವೆ, ನೆಲ್ಲಿಕಾಯಿ ಗಾತ್ರದವು. ಅದರ ಕಣ್ಣಿನ ತೂತಿಗೆ ಕಡ್ಡಿ ತೂರಿಸಿದರೆ ಬಾಯಿಂದ ಹೊರಬರುತ್ತದೆ. ಒಳಗೆಲ್ಲ ಟೊಳ್ಳು. ನೋಡುವವರು ‘ಅಬ್ಬಾ’ ಎನ್ನುತ್ತಾರೆ, ಎನ್ನಲೇಬೇಕು. ಆದರೆ ಆ ಬುರುಡೆಯನ್ನು ಸ್ವಲ್ಪ ಹೊತ್ತು ನೋಡಿ. ಕಣ್ಣಿನ ತೂತು, ಮೂಗಿನ ತೂತು, ಬಾಯಿ, ಇವಿಷ್ಟೂ ಉಪಕರಣ ಒಳಹೋಗುವ ಬಾಗಿಲುಗಳು. ಬೈರಿಗೆಯಿಂದ ನಾಲ್ಕು ಕಡೆಯಿಂದ ಕೊರೆದು, ಆ ತೂತುಗಳು ಒಳಗೆ ಒಂದನ್ನೊಂದು ಕೂಡಿದ ಮೇಲೆ ಕೊಕ್ಕೆಯಂಥ ಸಣ್ಣ ಉಳಿಯಿಂದ ಒಳಭಾಗವನ್ನು ಕೆರೆದು ತೆಗೆಯಬಹುದು. ಶಿಲ್ಪಿ ಬುರುಡೆಯನ್ನು ಆರಿಸಿಕೊಂಡದ್ದರಲ್ಲೇ ಜಾಣತನವಿದೆ: ತೂತುಗಳು ಇರಲೇಬೇಕಾದ ರೂಪ ಅದು. ಎಲ್ಲೂ ತೂತಿಲ್ಲದ ಕಲ್ಲಿನ ಗುಂಡು ಒಳಗೆ ಟೊಳ್ಳಾಗಿದ್ದಿದ್ದರೆ ನಾನೂ ಆಕಾಶ ನೋಡುತ್ತಿದ್ದೆ.

ಇನ್ನು ಕಂಬ. ತಿರುಗಣೆಯ ಮೇಲೆ ಕಡೆದ ಕಂಬಗಳು ಎಂದು ಕಲಾ ಇತಿಹಾಸಕಾರರು ಮೊದಲಿನಿಂದಲೂ ಬರೆಯುತ್ತ ಬಂದಿದ್ದಾರೆ. ‘ಲೇತ್ ಕಂಬ’ ಎಂಬ ಮಾತು ಗೈಡುಗಳ ಬಾಯಲ್ಲೂ ಇದೆ. ಅಂದರೆ ‘ಇದನ್ನು ಯಂತ್ರದಲ್ಲಿ ಮಾಡಿರಬೇಕು, ಅವರು ಮುಚ್ಚಿಡುತ್ತಿದ್ದಾರೆ’ ಎಂಬ ಆರೋಪದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ತಿರುಗಿಸುವ ಸಾಧನ ಇತ್ತು ಎಂಬುದು ಪುಸ್ತಕಗಳಲ್ಲೇ ಇದೆ. ಪ್ರಶ್ನೆ ಇರುವುದು ಅದು ಎಂಥ ಸಾಧನ ಎಂಬುದರಲ್ಲಿ.

ಲೆಕ್ಕ ಹಾಕಿ ನೋಡೋಣ. ಎರಡು ಮೀಟರ್ ಎತ್ತರ, ಅರವತ್ತು ಸೆಂಟಿಮೀಟರ್ ವ್ಯಾಸದ ಬಳಪದ ಕಲ್ಲಿನ ದಿಂಡು ಎಂದುಕೊಂಡರೆ ತೂಕ ಸುಮಾರು ಒಂದೂವರೆ ಟನ್ ಆಗುತ್ತದೆ. ಇದನ್ನು ಇಂದಿನ ಕಾರ್ಖಾನೆಯ ಲೇತಿನ ವೇಗದಲ್ಲಿ ತಿರುಗಿಸಬೇಕಿಲ್ಲ. ಕಲ್ಲು ಮೆದುವಾದ್ದರಿಂದ ನಿಧಾನವಾಗಿ ತಿರುಗಿದರೂ ಸಾಕು. ತಳದಲ್ಲಿ ಗಟ್ಟಿಯಾದ ಕೀಲು, ತಲೆಯ ಕಡೆ ಅಲುಗದಂತೆ ಹಿಡಿಯುವ ಚೌಕಟ್ಟು, ಎಳೆಯಲು ಹಗ್ಗ, ಆಳು ಅಥವಾ ಎತ್ತು, ಒರೆಗೆ ಮರಳು ನೀರು, ಉಳಿ ಹಿಡಿಯಲು ನುರಿತ ಕೈ. ಗಾಣ ತಿರುಗಿಸುತ್ತಿದ್ದ ಊರುಗಳಿಗೆ ಇದು ಊಹಿಸಲಾಗದ ಸಂಗತಿಯೇನೂ ಅಲ್ಲ. ಕಂಬಗಳ ಬುಡ ಚೌಕವಾಗಿಯೇ ಉಳಿದಿರುವುದನ್ನು, ನಡುವಿನ ಭಾಗ ಮಾತ್ರ ಗುಂಡಗಾಗಿರುವುದನ್ನು ಗಮನಿಸಿದರೆ ಎಲ್ಲಿಯವರೆಗೆ ಉಳಿ ತಾಗಿದೆ, ಎಲ್ಲಿಂದ ಕೈಗೆಲಸ ಶುರುವಾಗಿದೆ ಎಂಬುದೂ ಕಾಣುತ್ತದೆ. ಕಂಬದ ಮೇಲಿನ ಬೋದಿಗೆ ಬೇರೆಯೇ ತುಂಡು.

ವಿಡಿಯೊಗಳು ಬಿಟ್ಟುಬಿಡುವ ಒಂದು ವಿವರ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬೇಲೂರಿನ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, 48 ಕಂಬಗಳಿವೆ. ನಡುವಿನ ನಾಲ್ಕನ್ನು ಬಿಟ್ಟರೆ ಒಂದರಂತೆ ಇನ್ನೊಂದಿಲ್ಲ. ಒಂದರ ಮೈ ನಕ್ಷತ್ರಾಕಾರ, ಇನ್ನೊಂದರದು ಗಂಟೆ, ಮತ್ತೊಂದರದು ಮಡಿಕೆ ಮಡಿಕೆ. ನರಸಿಂಹ ಕಂಬವಂತೂ ತುದಿಯಿಂದ ಬುಡದವರೆಗೆ ಪುಟ್ಟ ಶಿಲ್ಪಗಳಿಂದಲೇ ತುಂಬಿದೆ. ಯಂತ್ರದ ಸ್ವಭಾವ ಒಂದನ್ನೇ ನೂರು ಸಲ ಮಾಡುವುದು. ಅಳತೆ ಒಮ್ಮೆ ಕೂರಿಸಿದರೆ 48 ಕಂಬವೂ ಒಂದೇ ಅಚ್ಚಿನಲ್ಲಿ ಬರುತ್ತಿದ್ದವು, ಖರ್ಚೂ ಉಳಿಯುತ್ತಿತ್ತು. ಒಂದೊಂದೂ ಬೇರೆಯಾಗಿರುವುದು ಉಳಿ ಮನುಷ್ಯನ ಕೈಯಲ್ಲಿದ್ದುದಕ್ಕೆ, ಒಬ್ಬನ ಕೆಲಸ ನೋಡಿ ಪಕ್ಕದವನು ತಾನೇನು ಕಡಿಮೆ ಎಂದುಕೊಂಡದ್ದಕ್ಕೆ ಸಾಕ್ಷಿ.

ಹೀಗೆ ಅಂದುಕೊಂಡವರು ಯಾರೆಂಬುದು ನಮಗೆ ಗೊತ್ತಿದೆ. ಇಲ್ಲಿಗೆ ಬರಬೇಕೆಂದೇ ಇಷ್ಟು ಹೊತ್ತು ಕಲ್ಲಿನ ಮಾತಾಡಿದೆ.

ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ, ಕನ್ನಡದಲ್ಲಿ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಗದಗಿನ ಕಡೆಯಿಂದ ಬಂದ ನಾಗೋಜನ ಹೆಸರಿದೆ. ಬರೀ ಹೆಸರಲ್ಲ: ಅಪ್ಪನ ಹೆಸರು, ಊರು, ಬಿರುದು. ಎದುರಾಳಿ ರೂವಾರಿಗಳಿಗೆ, ಅಂದರೆ ಶಿಲ್ಪಿಗಳಿಗೆ, ತಾನು ಎಂಥವನು ಎಂದು ಮೀಸೆ ತಿರುವಿದ ಬಿರುದುಗಳೂ ಇವೆ; ರಾಜರ ಪ್ರಶಸ್ತಿಗಳ ಗತ್ತನ್ನೇ ಕಲ್ಲು ಕೆತ್ತುವವರು ತಮಗೂ ಹಾಕಿಕೊಂಡಿದ್ದಾರೆ. ಹಳೇಬೀಡಿನಲ್ಲಿ ಕೇದಾರೋಜ, ಕಾಳಿದಾಸಿ ಇದ್ದಾರೆ. ಸೋಮನಾಥಪುರದ ಕೇಶವ ದೇವಾಲಯದ ಗೋಡೆಯಲ್ಲಿ ಮಲ್ಲಿತಮ್ಮನ ಸಹಿ ಮತ್ತೆ ಮತ್ತೆ, ಸುಮಾರು ನಲವತ್ತು ಕಡೆ ಸಿಗುತ್ತದೆ. ಜೊತೆಗೆ ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ನಮ್ಮ ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಕೂಗಿ ಕರೆಯುತ್ತಿದ್ದ ಹೆಸರುಗಳು. ಮಲ್ಲಿತಮ್ಮ ಎಂಬ ಹೆಸರು 1196ರ ಅಮೃತಾಪುರದ ಅಮೃತೇಶ್ವರ ಗುಡಿಯಲ್ಲೂ ಇದೆ, ಅದಾಗಿ ಅರವತ್ತಕ್ಕೂ ಹೆಚ್ಚು ವರ್ಷದ ನಂತರದ ಸೋಮನಾಥಪುರದಲ್ಲೂ ಇದೆ. ಒಬ್ಬನೇ ಮಲ್ಲಿತಮ್ಮ ಹುಡುಗನಾಗಿ ಕೆಲಸಕ್ಕೆ ಸೇರಿ ಮುದುಕನಾಗುವವರೆಗೂ ಉಳಿ ಹಿಡಿದನೋ, ಅದೇ ಹೆಸರಿನ ಇಬ್ಬರಿದ್ದರೋ ಎಂಬ ಚರ್ಚೆ ಇದೆ. ನಿಜವಾದ ಇತಿಹಾಸದ ಒಗಟು ಅಂದರೆ ಇಂಥದ್ದು.

ಈ ಸಹಿಗಳು ಇವತ್ತು ಸಿಕ್ಕವೂ ಅಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಅಚ್ಚಾಯಿತು. ಆಮೇಲೆ ಮೈಸೂರು ಪುರಾತತ್ವ ಇಲಾಖೆಯಲ್ಲಿ ಆರ್. ನರಸಿಂಹಾಚಾರ್ ಗುಡಿಯಿಂದ ಗುಡಿಗೆ ಹೋಗಿ ಶಿಲ್ಪಿಗಳ ಹೆಸರುಗಳನ್ನು ಬರೆದುಕೊಂಡರು. ಇತಿಹಾಸಕಾರ ಷ. ಶೆಟ್ಟರ್ ತಮ್ಮ ಬಹುಕಾಲವನ್ನು ಈ ರೂವಾರಿಗಳ ಹೆಜ್ಜೆ ಹುಡುಕುವುದರಲ್ಲೇ ಕಳೆದರು. ನೂರಿಪ್ಪತ್ತು ವರ್ಷಗಳಿಂದ ಹೆಸರುಗಳು ಅಚ್ಚಿನಲ್ಲಿವೆ. ಅವು ಪಠ್ಯಪುಸ್ತಕಕ್ಕೆ ಇಳಿಯಲಿಲ್ಲ. ಗುಡಿಯ ಮುಂದಿನ ಮಾಹಿತಿ ಫಲಕದಲ್ಲಿ ಜಾಗ ಸಿಕ್ಕರೂ ಒಂದು ಸಾಲು.

ಮುಖ್ಯವಾಹಿನಿಯ ಇತಿಹಾಸವನ್ನು ಕಟಕಟೆಗೆ ತರಬೇಕಾದದ್ದು ಈ ಕಾರಣಕ್ಕೆ. ಅದು ಕಟ್ಟಿಸಿದವರ ಇತಿಹಾಸವಾಯಿತು, ಕಟ್ಟಿದವರದಾಗಲಿಲ್ಲ. 1117ರಲ್ಲಿ ಬೇಲೂರು ವಿಷ್ಣುವರ್ಧನನದ್ದು; ಹಳೇಬೀಡು ಅವನ ಅಧಿಕಾರಿ ಕೇತಮಲ್ಲನದ್ದು; ಸೋಮನಾಥಪುರ ದಂಡನಾಯಕ ಸೋಮನಾಥನದ್ದು. ಜನರ ನೆನಪು ಕೂಡ ಇದಕ್ಕೆ ಹೊರತಾಗಲಿಲ್ಲ ಎನ್ನಬೇಕು. ನೂರಾರು ಶಿಲ್ಪಿಗಳ ಕೆಲಸವೆಲ್ಲ ಜಕಣಾಚಾರಿ ಎಂಬ ಒಂದು ಹೆಸರಿನ ಕೆಳಗೆ ಬಂದು ಸೇರಿತು. ಕಲ್ಲಿನೊಳಗಿನ ಕಪ್ಪೆ, ಅಪ್ಪನ ತಪ್ಪು ಹಿಡಿದ ಮಗ ಡಂಕಣ, ಕೈ ಕಳೆದುಕೊಂಡ ಶಿಲ್ಪಿ, ಕೈದಾಳದಲ್ಲಿ ಅವನಿಗೆ ಕೈ ಮರಳಿದ್ದು: ಕಥೆ ಸೊಗಸಾಗಿದೆ, ನನಗೂ ಇಷ್ಟ. ಸರ್ಕಾರ ಜಕಣಾಚಾರಿ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ, ಸಂಸ್ಮರಣಾ ದಿನವನ್ನೂ ಆಚರಿಸುತ್ತದೆ. ಆದರೆ ಬೇಲೂರು, ಹಳೇಬೀಡಿನ ಸಹಿಗಳ ನಡುವೆ ಜಕಣಾಚಾರಿ ಕಾಣಿಸುವುದಿಲ್ಲ, ದಾಸೋಜ ಕಾಣಿಸುತ್ತಾನೆ. ಪಠ್ಯಪುಸ್ತಕ ದಾಸೋಜನನ್ನು ಒಂದು ಸಲ ಮರೆಸಿತು, ದಂತಕಥೆ ಎರಡನೆಯ ಸಲ. ಈಗ ಯಂತ್ರದ ವಿಡಿಯೊ ಮೂರನೆಯ ಸಲ ಅಳಿಸುತ್ತಿದೆ, ಅದೂ ‘ನಮ್ಮ ಪೂರ್ವಿಕರ ಹಿರಿಮೆ’ಯ ಹೆಸರಿನಲ್ಲಿ.

ವಸಾಹತು ಕಾಲದ ಕೆಲವು ಬರಹಗಾರರು ಭಾರತದಲ್ಲಿ ಒಳ್ಳೆಯ ಶಿಲ್ಪ ಕಂಡಾಗಲೆಲ್ಲ ಗ್ರೀಕರ ಗುರುತು ಹುಡುಕುತ್ತಿದ್ದರು. ಇಲ್ಲಿನವರ ಕೈಯಿಂದ ಅದು ಆದೀತೆಂಬ ನಂಬಿಕೆ ಅವರಿಗಿರಲಿಲ್ಲ. (ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್‌ನನ್ನು ಈ ಸಾಲಿಗೆ ಸೇರಿಸುವುದು ಅನ್ಯಾಯ. ಅವನು ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಜೊತೆ ಇಟ್ಟು ತೂಗಿದ, ಎರಡೂ ವಾಸ್ತುಕಲೆಯ ಎರಡು ತುದಿಗಳೆಂದ.) ಇಂದು ‘ಕೈಯಿಂದ ಅಸಾಧ್ಯ’ ಎನ್ನುವವರ ದೇಶಾಭಿಮಾನ ಎಷ್ಟೇ ದೊಡ್ಡದಿರಲಿ, ಅವಿಶ್ವಾಸ ಅದೇ ಹಳೆಯದು. ಬಳ್ಳಿಗಾವಿಯ ಅಪ್ಪ ಮಗ ಇದನ್ನು ಮಾಡಲಾರರು ಎಂದು ಇಬ್ಬರೂ ಹೇಳುತ್ತಿದ್ದಾರೆ.

ಯಂತ್ರಯುಗದ ವಾದಕ್ಕೆ ಇನ್ನೊಂದು ಆಧಾರ ‘ದಿಢೀರ್’ ಎಂಬ ಮಾತು. ಹಿಂದೆ ಮುಂದೆ ಏನೂ ಇಲ್ಲದೆ ಇಂಥ ಕೆಲಸ ಒಮ್ಮೆಲೇ ಹೇಗೆ ಬಂತು ಎನ್ನುತ್ತಾರೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ, ಉತ್ತರ ಕರ್ನಾಟಕದ ಬಸ್ಸು ಹತ್ತಿದರೆ ಸಾಕು. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ಗುಡಿ. ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಮರಳುಗಲ್ಲು, ದಪ್ಪ ಚೌಕದ ಕಂಬಗಳು, ಅವುಗಳ ಮೈಮೇಲೆ ತೆಳುವಾಗಿ ಎಬ್ಬಿಸಿದ ಕಥಾಪಟ್ಟಿ. ಅಲ್ಲಿಯೂ ಸೂತ್ರಧಾರಿಯ ಹೆಸರಿದೆ: ಗುಂಡ ಅನಿವಾರಿತಾಚಾರಿ, ‘ತ್ರಿಭುವನಾಚಾರಿ’ ಎಂಬ ಬಿರುದು ಪಡೆದವನು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನೂ ಇದ್ದಾನೆ. ಅಲ್ಲಿಂದ ಮುನ್ನೂರು ವರ್ಷ ದಾಟಿ ಅಣ್ಣಿಗೇರಿಗೆ ಬಂದರೆ ಸುಮಾರು 1050ರ ಅಮೃತೇಶ್ವರ; ಕಲ್ಯಾಣ ಚಾಳುಕ್ಯರು ಬಳಪದ ಕಲ್ಲಿಗೆ ಹೊರಳಿದ್ದು ಇಲ್ಲಿ. ಕಲ್ಲಿನ ತುಂಡುಗಳು ಚಿಕ್ಕದಾಗುತ್ತವೆ, ಕೆತ್ತನೆ ಆಳಕ್ಕಿಳಿಯುತ್ತದೆ. ಲಕ್ಕುಂಡಿಯಲ್ಲಿ ಅದು ಹದಕ್ಕೆ ಬರುತ್ತದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಅಲ್ಲಿನ ಕಂಬಗಳ ಸಾಲು ನೋಡಿದವರಿಗೆ ಆ ಬಿರುದು ಜಾಸ್ತಿಯಾಯಿತು ಅನ್ನಿಸುವುದಿಲ್ಲ. ತಿರುಗಣೆಯ ಕೆಲಸ ಅಲ್ಲಾಗಲೇ ಪಳಗಿದೆ. ಐದು ವರ್ಷದ ನಂತರ ಬೇಲೂರು. ಬಳ್ಳಿಗಾವಿ, ಗದಗಿನ ಹೆಸರುಗಳು ಹಾಸನದ ಕಡೆಗೆ ಹೇಗೆ ಬಂದವು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. ಕೆಲಸ ಇದ್ದಲ್ಲಿಗೆ ಕೆಲಸಗಾರರು ಬಂದರು, ಬರುವಾಗ ಕೈಯಲ್ಲಿದ್ದ ವಿದ್ಯೆಯನ್ನೂ ತಂದರು.

ಕರ್ನಾಟಕದ ಆಚೆಗೂ ವಾದದ ರೀತಿ ಇದೇ. ಬಿಹಾರದ ಬರಾಬರ್ ಬೆಟ್ಟದ ಗುಹೆಗಳು ಇದಕ್ಕೆ ಬಹಳ ಬಳಕೆಯಾಗುತ್ತವೆ. ಅಲ್ಲಿ ಗಟ್ಟಿ ಗ್ರಾನೈಟು, ಕನ್ನಡಿಯಂಥ ಹೊಳಪು, ಕ್ರಿಸ್ತಪೂರ್ವ ಮೂರನೆಯ ಶತಮಾನ. ಬಳಪದ ಕಲ್ಲಿನ ಸಮಾಧಾನ ಅಲ್ಲಿ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಅಶೋಕ ತನ್ನ ಪಟ್ಟಾಭಿಷೇಕದ ಹನ್ನೆರಡನೆಯ ವರ್ಷದಲ್ಲಿ ಆಜೀವಿಕ ಪಂಥದ ಸನ್ಯಾಸಿಗಳಿಗೆ ಗುಹೆ ಕೊಟ್ಟದ್ದು ಗೋಡೆಯ ಮೇಲೇ ಬರೆದಿದೆ. ಪಕ್ಕದ ಲೋಮಸ ಋಷಿ ಗುಹೆ ಅರ್ಧಕ್ಕೇ ನಿಂತಿದೆ: ಗೋಡೆಗೆ ಹೊಳಪು ಬಂದಿದೆ, ಚಾವಣಿ ಒರಟಾಗಿ ಉಳಿದಿದೆ, ಉಳಿಯ ಗುರುತುಗಳು ಹಾಗೇ ಇವೆ. ಅರೆಬರೆ ಕೆಲಸದಷ್ಟು ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ಈಜಿಪ್ಟಿನ ಅಸ್ವಾನ್ ಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ, ಸಾವಿರ ಟನ್ನಿಗೂ ಮೀರಿದ ಕಂಬ ಬಿರುಕು ಬಿಟ್ಟು ಮಲಗಿದೆ, ಸುತ್ತ ಅದನ್ನು ಜಜ್ಜಿದ ಗಟ್ಟಿ ಕಲ್ಲುಗುಂಡುಗಳು ಸಿಕ್ಕಿವೆ. ಬ್ರಿಟನ್ನಿನ ಸಂಶೋಧಕ ಡೆನಿಸ್ ಸ್ಟಾಕ್ಸ್ ತಾಮ್ರದ ಕೊಳವೆ, ಮರಳು ಹಿಡಿದು ತಾನೇ ಗ್ರಾನೈಟು ಕೊರೆದು ತೋರಿಸಿದ. ಕೊರೆಯುವುದು ಮರಳಿನ ಹರಳೇ ಹೊರತು ತಾಮ್ರವಲ್ಲ. ನಿಧಾನದ, ಬೇಸರದ ಕೆಲಸ, ಆದರೆ ಆಗುತ್ತದೆ. ಈಚೆಗೆ ಈಜಿಪ್ಟಿನ ಕಲ್ಲಿನ ಹೂಜಿಗಳನ್ನು ಆಸಕ್ತರು ಸ್ಕ್ಯಾನರಿನಲ್ಲಿ ಅಳೆದು ಅವುಗಳ ದುಂಡುತನ ನಂಬಲಾಗದಷ್ಟು ಕರಾರುವಾಕ್ಕಾಗಿದೆ ಎನ್ನುತ್ತಿದ್ದಾರೆ. ಅಳೆದದ್ದು ಒಳ್ಳೆಯದೇ. ಆದರೆ ಮೊದಮೊದಲು ಸುದ್ದಿಯಾದ ಹೂಜಿ ಖಾಸಗಿ ಸಂಗ್ರಹದ್ದು. ಯಾವ ನೆಲದಿಂದ, ಯಾವ ಪದರದಿಂದ ಬಂತೆಂದು ದಾಖಲೆ ಇಲ್ಲದ ವಸ್ತುವಿನ ಮೇಲೆ ಐದು ಸಾವಿರ ವರ್ಷದ ವಾದ ಕಟ್ಟಲಾಗದು.

ಎಲ್ಲೋರದ ಕೈಲಾಸ ಗುಡಿಯ ಲೆಕ್ಕವನ್ನು ಮಾತ್ರ ಬಿಡಿಸಿ ನೋಡಲೇಬೇಕು, ಏಕೆಂದರೆ ಅದು ಮಾನ್ಯಖೇಟದ ರಾಷ್ಟ್ರಕೂಟರದ್ದು, ಮತ್ತು ಈ ಬಗೆಯ ವಾದಗಳಿಗೆಲ್ಲ ಅದೇ ತಾಯಿಬೇರು. ನಾಲ್ಕು ಲಕ್ಷ ಟನ್ ಬಂಡೆ, 18 ವರ್ಷ, ದಿನಕ್ಕೆ 12 ಗಂಟೆ ದುಡಿದರೂ ಗಂಟೆಗೆ ಐದು ಟನ್ ತೆಗೆಯಬೇಕು, ಇದು ಅಸಾಧ್ಯ ಎನ್ನುತ್ತದೆ ವಿಡಿಯೊ. ಭಾಗಾಕಾರ ಸರಿಯಾಗಿಯೇ ಇದೆ. ನಾಲ್ಕು ಲಕ್ಷ ಎಂಬುದು ಇರುವ ಅಂದಾಜುಗಳಲ್ಲೇ ದೊಡ್ಡದು, 18 ವರ್ಷ ಎಂಬುದು ಒಂದನೆಯ ಕೃಷ್ಣನ ಆಳ್ವಿಕೆಯಿಂದ ಹೆಚ್ಚುಕಡಿಮೆ ಊಹಿಸಿದ್ದು. ಎರಡನ್ನೂ ಒಪ್ಪಿಕೊಂಡೇ ಮುಂದುವರಿಯೋಣ. ಒಬ್ಬನೇ ಮನುಷ್ಯ ಗಂಟೆಗೆ ಐದು ಟನ್ ಕಡಿಯಬೇಕಿದ್ದರೆ ನಿಜಕ್ಕೂ ಅಸಾಧ್ಯ. 250 ಜನ ಏಕಕಾಲಕ್ಕೆ ದುಡಿದರೆ ತಲೆಗೆ ಗಂಟೆಗೆ 20 ಕಿಲೊ. 500 ಜನವಾದರೆ ಹತ್ತು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಹೋಗುವಾಗ ಬಂಡೆಯೆಲ್ಲ ಪುಡಿಯಾಗಿಯೇ ಬರಬೇಕೆಂದಿಲ್ಲ; ಸುತ್ತ ಗೀರಿ ಬೆಣೆ ಹೊಡೆದರೆ ದೊಡ್ಡ ತುಂಡುಗಳೇ ಕಳಚಿಕೊಳ್ಳುತ್ತವೆ. ವಿಡಿಯೊದ ಲೆಕ್ಕದಲ್ಲಿ ಬಿಟ್ಟುಹೋದ ಸಂಖ್ಯೆ ಒಂದೇ, ಕೂಲಿಯವರದ್ದು.

ಈ ಕೈಲಾಸದ ಬಗ್ಗೆ ಒಂದು ದಾಖಲೆ ಇದೆ. 812-13ರ ಬರೋಡಾ ತಾಮ್ರಪಟ, ಗುಜರಾತ್ ಶಾಖೆಯ ಕರ್ಕರಾಜನದ್ದು. ಏಲಾಪುರದಲ್ಲಿ, ಅಂದರೆ ಎಲ್ಲೋರದಲ್ಲಿ, ಕೃಷ್ಣರಾಜ ಕಟ್ಟಿಸಿದ ಗುಡಿಯನ್ನು ಕಂಡು ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಬೆರಗಾದರು ಎನ್ನುತ್ತದೆ ಅದು. ವಿಡಿಯೊಗಳಿಗೆ ‘ವಿಮಾನ’ ಸಿಕ್ಕಿತೆಂದು ಖುಷಿಯಾಗಬಹುದು. ಆದರೆ ಮುಂದಿನ ಮಾತು ಇನ್ನೂ ಚೆನ್ನಾಗಿದೆ: ಕಟ್ಟಿದ ಶಿಲ್ಪಿಯೇ ಮುಗಿದ ಕೆಲಸದ ಮುಂದೆ ನಿಂತು, ಇದನ್ನು ನಾನು ಹೇಗೆ ಮಾಡಿದೆನೋ, ಇನ್ನೊಮ್ಮೆ ಪ್ರಯತ್ನಪಟ್ಟರೂ ನನ್ನಿಂದಾಗದು ಎಂದು ಅಚ್ಚರಿಪಟ್ಟನಂತೆ. ಕವಿಯ ಅತಿಶಯೋಕ್ತಿಯೇ ಇರಲಿ. ಗುಡಿ ಕಟ್ಟಿ ಐವತ್ತು ವರ್ಷದೊಳಗೆ ‘ಇದು ಹೇಗೆ ಸಾಧ್ಯ’ ಎಂಬ ಪ್ರಶ್ನೆ ಹುಟ್ಟಿತ್ತು, ಅದನ್ನು ಶಿಲ್ಪಿಯ ಬಾಯಲ್ಲೇ ಹೇಳಿಸಲಾಗಿತ್ತು. ಅಂದಿನವರು ಬೆರಗಾದರು, ಆದರೆ ಕಟ್ಟಿದವನನ್ನು ಆಚೆಗೆ ಕಳಿಸಲಿಲ್ಲ.

ಹಂಪಿಯ ವಿಠ್ಠಲ ಗುಡಿಯ ಸಂಗೀತ ಕಂಬಗಳ ಕಥೆಯಿಂದ ಕಲಿಯಬೇಕಾದದ್ದಿದೆ. ಕಂಬ ಒಳಗೆ ಟೊಳ್ಳು, ಅದಕ್ಕೇ ಸ್ವರ ಬರುತ್ತದೆ ಎಂಬುದು ಹಳೆಯ ನಂಬಿಕೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಹಾನಿಯಾಗದಂತೆ ಪರೀಕ್ಷಿಸಿದರು. ಕಂಬಗಳು ಗಟ್ಟಿ, ಒಳಗೆ ಟೊಳ್ಳಿಲ್ಲ; ತಟ್ಟಿದಾಗ ಸಣ್ಣ ಕಂಬಗಳು ಬಾಗಿ ಕಂಪಿಸುವುದರಿಂದ ನಾದ ಬರುತ್ತದೆ ಎಂದು ಕಂಡಿತು. ನಂಬಿಕೆ ಸುಳ್ಳಾಯಿತು, ಕಂಬದ ಮೇಲಿನ ಗೌರವ ಇಮ್ಮಡಿಯಾಯಿತು: ಯಾವ ದಪ್ಪ, ಯಾವ ಉದ್ದಕ್ಕೆ ಯಾವ ನಾದ ಎಂಬುದನ್ನು ಕೆತ್ತಿದವರು ಕೇಳಿ ಕೇಳಿಯೇ ಹಿಡಿದಿರಬೇಕು.

ಹೊಯ್ಸಳ ಕಂಬಗಳಿಗೂ ಇಂಥ ಪರೀಕ್ಷೆ ಆಗಬೇಕು. ಶೈಲಿ, ದೇವರು, ರಾಜವಂಶಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರವಣಿಗೆಯಿದೆ. ಉಳಿಯ ಗುರುತಿನ ಬಗ್ಗೆ ಅದರ ಒಂದು ಪಾಲೂ ಇಲ್ಲ. ವಿದ್ವಾಂಸರ ಸೋಮಾರಿತನ ಎಂದು ಯಾರಾದರೂ ಬೈದರೆ ನಾನು ಅಡ್ಡ ಬರುವುದಿಲ್ಲ. ತಿರುಗಣೆ ನಿಂತದ್ದೋ ಮಲಗಿದ್ದೋ? ಕಂಬವನ್ನು ಗಣಿಯ ಹತ್ತಿರ ಕಡೆದು ತಂದರೋ, ಗುಡಿಯ ಅಂಗಳದಲ್ಲೋ? ಗೆರೆಗಳ ನಡುವಿನ ಅಂತರ ಒಂದೇ ಸಮನಾಗಿದೆಯೋ, ಕೈ ನಡುಗಿದ ಗುರುತು ಇದೆಯೋ? ಯಾವ ಕಂಬದ ಮಧ್ಯಬಿಂದು ಎಷ್ಟು ಸರಿದಿದೆ? ಮೂರು ಆಯಾಮದ ಸ್ಕ್ಯಾನರ್ ಇರುವ ಕಾಲದಲ್ಲಿ ಇವು ಉತ್ತರಿಸಲಾಗದ ಪ್ರಶ್ನೆಗಳಲ್ಲ. ಪುರಾತತ್ವ ಇಲಾಖೆ ಅಳತೆಗಳನ್ನು ತೆಗೆದು ಎಲ್ಲರಿಗೂ ತೆರೆದಿಟ್ಟರೆ, ವಿಡಿಯೊ ಮಾಡುವವರೂ ‘ಕರಾರುವಾಕ್ಕು’ ಎಂಬ ಮಾತನ್ನು ಮಿಲಿಮೀಟರಿನಲ್ಲಿ ಹೇಳಬೇಕಾಗುತ್ತದೆ.

ಜೊತೆಗೆ ಒಂದು ತಿರುಗಣೆಯನ್ನು ಕಟ್ಟಿಯೇ ನೋಡಬಹುದು. ಅದಕ್ಕೆ ಬೇಕಾದ ಕೈಗಳು ಮ್ಯೂಸಿಯಂ ಸೇರಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಮನೆಯ ಮುಂದೆ ಇವತ್ತಿಗೂ ಕಲ್ಲಿನ ಸದ್ದಿದೆ; ಗ್ರೈಂಡರಿನ ಸದ್ದೇ ಈಗ ಜೋರು, ಆದರೆ ಕಣ್ಣು, ತುಟಿ, ಬೆರಳಿಗೆ ಬಂದಾಗ ಉಳಿಯೇ ಬೇಕು. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ ಬಾಲರಾಮನನ್ನು ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್, ಕಲ್ಲು ಮೈಸೂರು ಜಿಲ್ಲೆಯದು. ಬಳಪದ ಕಲ್ಲೂ ಇಲ್ಲೇ ಸಿಗುತ್ತದೆ, ಉಳಿಗೆ ಹದ ಹಾಕುವ ಕಮ್ಮಾರರೂ ಇದ್ದಾರೆ, ಇಂಜಿನಿಯರಿಂಗ್ ಕಾಲೇಜುಗಳಿಗಂತೂ ಬರವಿಲ್ಲ. ಒಂದೂವರೆ ಟನ್ನಿನ ದಿಂಡನ್ನು ಹಗ್ಗ, ಮರ, ಕಬ್ಬಿಣದ ಕೀಲು ಬಳಸಿ ತಿರುಗಿಸಿ, ಒಂದು ಕಂಬ ಕಡೆಯಲು ಎಷ್ಟು ದಿನ, ಎಷ್ಟು ಜನ, ಎಷ್ಟು ಉಳಿ ಬೇಕಾಯಿತೆಂದು ಬರೆದಿಡಬೇಕು. ಅದರ ಖರ್ಚು ಯಾವುದಾದರೂ ಸರ್ಕಾರಿ ಉತ್ಸವದ ವೇದಿಕೆಯ ಖರ್ಚಿಗಿಂತ ಹೆಚ್ಚಾಗಲಾರದು.